ಬೈಪಾಸ್ ಮಂಜೂರಾದ ಸಂಜೆ

ಕೊಳ್ಳೇಗಾಲಕ್ಕೆ ಬೈಪಾಸ್ ಮಂಜೂರಾಯಿತು ಅನ್ನೋ ಸುದ್ದಿ ನಮ್ಮ ಹನೂರಿಗೆ ಬಂದದ್ದು ಸಂಜೆ ಬಸ್ಸಿನ ಜೊತೆಗೆ. ಪೇಪರಿನಲ್ಲಿ ಬಂದಿತ್ತೋ ಏನೋ, ನಮಗೆ ಮಾತ್ರ ಅದನ್ನು ಹೇಳಿದವನು ಕಂಡಕ್ಟರ್. ಬಸ್ಸಿನಿಂದ ಇಳಿದವನೇ ಟೀ ಅಂಗಡಿ ಬೆಂಚಿನ ಮೇಲೆ ಟಿಕೆಟ್ ಮೆಷಿನ್ ಇಟ್ಟು, “ಅಣ್ಣೋ, ಇನ್ನು ಲಾರಿಗಳೆಲ್ಲ ಊರಾಚೆಯಿಂದ್ಲೇ ಹೋಯ್ತವಂತೆ. ಸ್ಯಾಂಕ್ಷನ್ ಆಯ್ತಂತೆ” ಅಂದ. ಬಾಂಡ್ಲಿಯಲ್ಲಿ ಬೋಂಡ ಬಿಡುತ್ತಿದ್ದ ಅಂಗಡಿಯವರು ಕೈ ನಿಲ್ಲಿಸಿ, “ಯಾವೂರಾಚೆ?” ಅಂದರು. “ಕೊಳ್ಳೇಗಾಲದ್ದು ಕನಣ್ಣ. ಇನ್ಯಾವೂರ್ದು?”

2016ರ ಸುಮಾರಿನ ಮಾತು. ತಮಿಳುನಾಡು ಗಡಿಯ ಕಾಡಂಚಿನಿಂದ ಬೆಂಗಳೂರಿನವರೆಗೆ, ಸುಮಾರು 170 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 209ನ್ನು ಅಗಲ ಮಾಡುವ ಕೆಲಸ ಗುತ್ತಿಗೆಗೆ ಹೋದ ಕಾಲ. ಆ ಹೆದ್ದಾರಿಗೆ ಕಾಗದದಲ್ಲಿ ಈಗ 948 ಅಂತ ನಂಬರು. ನಮ್ಮ ಕಡೆ ಇವತ್ತಿಗೂ ಇನ್ನೂರೊಂಬತ್ತೇ.

ಕೊಳ್ಳೇಗಾಲದ ದಾರಿ ಹಗುರಾದರೆ ಹನೂರಿಗೇನು ಸಂಭ್ರಮ ಅಂತ ನೀವು ಕೇಳಬಹುದು. ಅದನ್ನು ಹೇಳದೆ ಈ ಕಥೆ ಮುಂದಕ್ಕೆ ಹೋಗೋದಿಲ್ಲ. ಆಗ ನಮ್ಮದು ಕೊಳ್ಳೇಗಾಲ ತಾಲ್ಲೂಕು. ಹನೂರೇ ತಾಲ್ಲೂಕಾದದ್ದು 2018ರಲ್ಲಿ. ಪಹಣಿ ಬೇಕಾದರೆ ಕೊಳ್ಳೇಗಾಲ, ಕೋರ್ಟಿಗೆ ಕೊಳ್ಳೇಗಾಲ, ರೇಷ್ಮೆ ಗೂಡು ಹೊತ್ತರೆ ಕೊಳ್ಳೇಗಾಲ, ಕಾಯಿಲೆ ಬಿದ್ದರೆ ಕೊಳ್ಳೇಗಾಲ. ಅಲ್ಲೂ ಆಗದಿದ್ದರೆ ಟಿ. ನರಸೀಪುರದ ಮೇಲೆ ಮೈಸೂರು. ಅಂದರೆ ಯಾವ ಕಷ್ಟ ಬಂದರೂ ಇಲ್ಲಿಂದ ಸುಮಾರು 25 ಕಿಲೋಮೀಟರ್ ಹೋಗಿ ಆ ಊರಿನ ನಡುಬೀದಿಯನ್ನು ದಾಟಲೇಬೇಕಿತ್ತು. ಆ ಬೀದಿಯೋ, ಆಗ ಬೆಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ಹೆದ್ದಾರಿ. ಕರಿಕಲ್ಲು ಹೇರಿದ ಲಾರಿ ಅದರಲ್ಲೇ, ಕುಂತೂರು ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿ ಅದರಲ್ಲೇ, ಮಾದಪ್ಪನ ಬೆಟ್ಟಕ್ಕೆ ಹೊರಟ ಬಸ್ಸೂ ಅದರಲ್ಲೇ.

ಬೆಂಚಿನ ತುದಿಯಲ್ಲಿ ಕೂತಿದ್ದ ಅಜ್ಜನೊಬ್ಬರು ಕಂಡಕ್ಟರ್ ಮಾತು ಕೇಳಿ ನಗಲಿಲ್ಲ, ಬೀಡಿ ಆರಿಸಿದರು. “ನಮ್ಮಪ್ಪ ಕೊಯಮತ್ತೂರ್ಗ ಹೋಯ್ತಿದ್ದ ದಾರಿ ಕನಪ್ಪ ಅದು” ಅಂದರು. ಅವರು ಹೇಳಿದ್ದು 1956ಕ್ಕೆ ಮುಂಚಿನ ಮಾತು. ಆ ವರ್ಷದ ನವೆಂಬರ್ ಒಂದರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕಲೆಕ್ಟರನ್ನು ನೋಡಬೇಕಾದರೆ ದಿಂಬಂ ಘಾಟಿ ಇಳಿದು ಹೋಗಬೇಕಿತ್ತು. ಆಮೇಲೆ ಜಿಲ್ಲೆ ಮೈಸೂರಾಯಿತು, 1997ರಲ್ಲಿ ಚಾಮರಾಜನಗರವಾಯಿತು. ಜಿಲ್ಲೆ ಎರಡು ಸಲ ಬದಲಾದರೂ ನಮ್ಮ ದಾರಿ ಮಾತ್ರ ಕೊಳ್ಳೇಗಾಲದ ಆ ಒಂದೇ ಬೀದಿ. “ಜನ ಹೆಚ್ಚಾದ್ರು, ಲಾರಿ ಹೆಚ್ಚಾದೊ, ಬೀದಿ ಅಷ್ಟೇ ಅದೆ” ಅಂದರು ಅಜ್ಜ.

ಆಮೇಲೆ ಒಬ್ಬೊಬ್ಬರೂ ಬಂದು ಸೇರಿಕೊಂಡರು. ಮುಸುಕಿನ ಜೋಳ ತುಂಬುವ ವ್ಯಾಪಾರಿಗೆ ಡೀಸೆಲ್ ಉಳಿಯುವ ಲೆಕ್ಕ. ಬೈಕಿನ ಹುಡುಗರಿಗೆ ಯಾವ ಕಡೆಯಿಂದ ಸುತ್ತುತ್ತದೆ ಅನ್ನೋ ಕುತೂಹಲ. ಕಂಡಕ್ಟರ್ ಮಾತ್ರ, “ನಮ್ ಬಸ್ಸು ಎಂಗಿದ್ರೂ ಸ್ಟ್ಯಾಂಡಿಗೇ ಹೋಗ್ಬೇಕಲ್ಲ. ಲಾರಿ ಆಚೆ ಹೋದ್ರ ನಮ್ಗ ಒಳ್ಗ ಜಾಗ ಆಯ್ತದ” ಅಂತ ಬಿಡಿಸಿ ಹೇಳಿದ. ಅವನು ಹೇಳಿದ್ದೇ ಸರಿ. ಬೈಪಾಸಿನ ಮೇಲೆ ಒಂದು ದಿನವೂ ಹೋಗದವನಿಗೂ ಅದರಿಂದ ಸಿಗುವ ಲಾಭ ಅದು.

ಎಲ್ಲರೂ ಖುಷಿಯಲ್ಲಿದ್ದಾಗ ಸುಮ್ಮನಿದ್ದವರು ಒಬ್ಬರು. ಅವರ ಮಗಳನ್ನು ಕೊಟ್ಟಿದ್ದು ಕೊಳ್ಳೇಗಾಲದ ಹೊರವಲಯದ ಒಂದು ಊರಿಗೆ. ಟೀ ಲೋಟ ಕೆಳಗಿಟ್ಟು ಹೇಳಿದರು: “ನೀವೆಲ್ಲ ರೋಡು ಅಂತಿದ್ದಿರಿ. ನನ್ನಳಿಯನ್ಗ ಇರದೇ ಒಂದೂವರೆ ಎಕ್ರೆ ಗದ್ದ. ಅದ್ರ ನಡುಮಧ್ಯಕ್ಕೇ ಕಲ್ಲು ನೆಟ್ಟವ್ರೆ.” ಅಂಗಡಿ ಒಂದು ಗಳಿಗೆ ಸದ್ದಡಗಿತು. ಯಾರೋ, “ದುಡ್ಡು ಕೊಡ್ತರಲ್ಲ ಮಾವ” ಅಂದರು.

ದುಡ್ಡಿನ ವಿಷಯ ಸುಳ್ಳಲ್ಲ. ಹೆದ್ದಾರಿಗೆ ಜಮೀನು ತೆಗೆದುಕೊಳ್ಳೋದು 1956ರ ಹೆದ್ದಾರಿ ಕಾಯ್ದೆಯ ಪ್ರಕಾರ. ಮೊದಲು ‘ಮೂರು ಎ’ ನೋಟಿಸು, ಇಷ್ಟು ಸರ್ವೆ ನಂಬರು ಬೇಕು ಅಂತ. ತಕರಾರು ಕೇಳಿದ ಮೇಲೆ ‘ಮೂರು ಡಿ’. ಅದು ಹೊರಬಿತ್ತು ಅಂದರೆ ಜಮೀನು ಸರ್ಕಾರದ್ದು. ಈ ಕಾಯ್ದೆಯಡಿ ಸಿಗುತ್ತಿದ್ದ ಪರಿಹಾರ ಹಿಂದೆ ಬಹಳ ಕಡಿಮೆ. 2013ರಲ್ಲಿ ಹೊಸ ಭೂಸ್ವಾಧೀನ ಕಾಯ್ದೆ ಬಂತು, 2015ರಿಂದ ಅದರ ಲೆಕ್ಕ ಹೆದ್ದಾರಿಗೂ ಅನ್ವಯವಾಯಿತು, ಹಳ್ಳಿಯ ಜಮೀನಿಗೆ ಮಾರುಕಟ್ಟೆ ಬೆಲೆಯ ಹಲವು ಪಟ್ಟು ಕೊಡಬೇಕಾಯಿತು. ಆದರೆ ಆ ಮಾರುಕಟ್ಟೆ ಬೆಲೆ ಅನ್ನೋದು ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರದಲ್ಲಿ ಬರೆದ ಬೆಲೆ. ನಮ್ಮ ಜನ ಪತ್ರದಲ್ಲಿ ಬರೆಸೋದು ಒಂದು, ಕೈಯಲ್ಲಿ ಎಣಿಸೋದು ಇನ್ನೊಂದು. ಹಾಗಾಗಿ ಕಾಯ್ದೆ ಕೈ ಬಿಚ್ಚಿ ಕೊಟ್ಟರೂ ರೈತನಿಗೆ ಸಿಕ್ಕಿದ್ದರಲ್ಲಿ ಅದೇ ಆಯಕಟ್ಟಿನಲ್ಲಿ ಅಷ್ಟೇ ಗದ್ದೆ ಕೊಳ್ಳೋದು ಕಷ್ಟ. ಆ ಮಾವ ಇದನ್ನೆಲ್ಲ ಹೇಳಲಿಲ್ಲ. “ದುಡ್ಡು ಬತ್ತದ, ನೀರಾದ ಭೂಮಿ ಎಲ್ಲಿ ಬತ್ತದ” ಅಂದು ಎದ್ದು ಹೋದರು.

ನಾನು ಮನೆಗೆ ಓಡಿದೆ. ನಮ್ಮ ಮನೆಯಲ್ಲಿ ಈ ಸುದ್ದಿ ಕೇಳಬೇಕಾದವರು ಅತ್ತಿಗೆ ಅನ್ನೋದು ನನ್ನ ಮನಸ್ಸಿನಲ್ಲಿ. ಯಾಕೆಂದರೆ ಆ ಬೀದಿಯಲ್ಲಿ ಅವರಷ್ಟು ನೋವು ತಿಂದವರು ನಮ್ಮ ಕೇರಿಯಲ್ಲಿ ಇನ್ನೊಬ್ಬರಿಲ್ಲ.

ಅದು 2007ರ ದೀಪಾವಳಿ. 108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು ಅದರ ಮುಂದಿನ ವರ್ಷ, ನವೆಂಬರಿನಲ್ಲಿ. ಅತ್ತಿಗೆಗೆ ಚೊಚ್ಚಲು ಬಸಿರು, ದಿನ ತುಂಬಿತ್ತು. ಸಂಜೆ ನೋವು ಬಂತು. ತೋರಿಸಿದ ಕಡೆ ಡಾಕ್ಟರು, ಬಿ.ಪಿ. ಜಾಸ್ತಿ ಇದೆ, ತಡ ಮಾಡದೆ ಮೈಸೂರಿಗೆ ಹೊರಡಿ ಅಂದರು. ಪಕ್ಕದ ಬೀದಿಯವರ ಜೀಪು. ಮುಂದೆ ಅಣ್ಣ, ಹಿಂದೆ ಅವ್ವ, ಅತ್ತಿಗೆ, ನಾನು. ಮಾದಪ್ಪನ ಬೆಟ್ಟದಲ್ಲಿ ಆವಾಗ ದೊಡ್ಡ ಜಾತ್ರೆ. ಬೆಟ್ಟದ ಪೂಜಾರಿಗಳಾದ ಬೇಡಗಂಪಣರ ಹೆಣ್ಣುಮಕ್ಕಳು ಹಾಲಹಳ್ಳದಿಂದ ಕಳಸದಲ್ಲಿ ನೀರು ಹೊತ್ತು ತರುವ ಹಾಲರವೆ ಉತ್ಸವದ ದಿನಗಳು. ಮಂಡ್ಯ, ಮಳವಳ್ಳಿ, ಕನಕಪುರ, ಬೆಂಗಳೂರಿನ ಕಡೆಯ ಜನವೆಲ್ಲ ‘ಉಘೇ ಮಾದಪ್ಪ’ ಅಂತ ಕೂಗುತ್ತ ಎದುರಿಗೆ ಬರುತ್ತಿದ್ದರು. ಕಾಮಗೆರೆ ದಾಟಿದೆವು, ಮಧುವನಹಳ್ಳಿ ದಾಟಿದೆವು. ಕೊಳ್ಳೇಗಾಲದ ಒಳಗೆ ಹೊಕ್ಕ ಮೇಲೆ ಜೀಪು ನಿಂತೇ ಹೋಯಿತು.

ಮುಂದೆ ಲಾರಿ, ಹಿಂದೆ ಬಸ್ಸು, ಎಡಕ್ಕೆ ಪಟಾಕಿ ಅಂಗಡಿ ಮುಂದೆ ನಿಂತ ಜನ. ಡ್ರೈವರಣ್ಣ ಹಾರನ್ ಮೇಲಿನ ಕೈ ತೆಗೆಯಲಿಲ್ಲ. ಎಲ್ಲರೂ ಹಾರನ್ ಹೊಡೆಯುತ್ತಿದ್ದಾಗ ಯಾರ ಹಾರನ್ ಯಾರಿಗೆ ಕೇಳುತ್ತೆ? ಅತ್ತಿಗೆ ನನ್ನ ಮಣಿಕಟ್ಟು ಹಿಡಿದಿದ್ದರು. ಒಂದು ಹೊತ್ತಿನಲ್ಲಿ ಅವ್ವ ಅಣ್ಣನ ಹೆಗಲು ತಟ್ಟಿ, “ಮೈಸೂರೂ ಇಲ್ಲ, ಆಸ್ಪತ್ರೆನೂ ಇಲ್ಲ, ಇಲ್ಲೇ ಆಯ್ತದ. ಯಾರನ್ನಾರ ಕರ್ಯಪ್ಪ” ಅಂದರು. ಅಣ್ಣ ಇಳಿದು ನಿಂತು ಏನು ಕೂಗಬೇಕೋ ತಿಳಿಯದೆ ಬರೀ “ಅವ್ವಾ, ಅಕ್ಕಾ” ಅಂತ ಕೂಗಿದ.

ಬಂದವರು ರಸ್ತೆ ಪಕ್ಕದ ಹೂವಿನವರು. ಚೆಂಡು ಹೂವಿನ ಕುಕ್ಕೆಗಳನ್ನು ಹಾಗೆಯೇ ಬಿಟ್ಟು ನಾಲ್ಕಾರು ಹೆಂಗಸರು ಓಡಿ ಬಂದರು. ಅವರಲ್ಲಿ ವಯಸ್ಸಾದವರೊಬ್ಬರು ಜೀಪಿನೊಳಕ್ಕೆ ಇಣುಕಿದ್ದೇ, “ಗಂಡಸರೆಲ್ಲ ಅತ್ತ ತಿರುಗ್ರಪ್ಪ” ಅಂದರು, ಉಳಿದವರು ಸೀರೆ ಬಿಚ್ಚಿ ಹಿಡಿದು ಜೀಪಿನ ಸುತ್ತ ಮರೆ ಮಾಡಿದರು. ರಾತ್ರಿ ಹೋಟೆಲಿನವರು ಟೀಗೆ ಕಾಯಿಸಿದ ನೀರನ್ನು ಪಾತ್ರೆ ಸಮೇತ ಕಳಿಸಿದರು. ಮುಂದಿನ ಲಾರಿಯ ಡ್ರೈವರು ಸತ್ಯಮಂಗಲದ ಕಡೆಯವನು, ತಮಿಳು ಮಾತ್ರ ಬರುತ್ತಿತ್ತು. ಇಂಜಿನ್ ಆರಿಸಿ, ಇಳಿದು, ಹಿಂದಿನ ಮುಂದಿನ ಗಾಡಿಗಳ ಹತ್ತಿರ ಓಡಾಡಿ ಹಾರನ್ ನಿಲ್ಲಿಸಿದವನು ಅವನೇ. ಪಂಚರ್ ಅಂಗಡಿಯ ಹುಡುಗ ಸಂದಿಯಲ್ಲಿ ನುಗ್ಗಿ ಯಾವುದೋ ನರ್ಸಿಂಗ್ ಹೋಮಿನಿಂದ ಒಬ್ಬ ನರ್ಸಮ್ಮನನ್ನು ನಡೆಸಿಕೊಂಡೇ ಬಂದ. ಅವರು ಬರೋದಕ್ಕೂ ಮಗು ಹೊರಕ್ಕೆ ಬರೋದಕ್ಕೂ ಸರಿಹೋಯಿತು. ಗಂಡು ಮಗು, ಅಳಲಿಲ್ಲ. ನರ್ಸಮ್ಮ ತಲೆಕೆಳಗು ಹಿಡಿದು ಬೆನ್ನು ಉಜ್ಜಿದ ಮೇಲೆ ಅತ್ತಿತು. ಸೀರೆ ಹಿಡಿದವರೂ ಅತ್ತರು.

ಅಂಥ ಅತ್ತಿಗೆಗೆ ನಾನು ಬೈಪಾಸಿನ ಸುದ್ದಿ ತಂದಿದ್ದೆ. ಒಲೆ ಮುಂದೆ ಕೂತು ರಾಗಿ ಹಿಟ್ಟು ತಿರುವುತ್ತಿದ್ದರು. ಹೇಳಿದೆ. ಮುದ್ದೆ ಕಟ್ಟಿ ತಟ್ಟೆಗೆ ಹಾಕುವವರೆಗೆ ಮಾತಿಲ್ಲ. ಆಮೇಲೆ ಕೇಳಿದ್ದು ನಾನು ನೆನೆಸದ ಮಾತು:

“ಲಾರಿಯೆಲ್ಲ ಆಚೆ ಹೋದ್ರ ಹೂವಿನವ್ವನ ಗತಿಯೇನು?”

“ಅತ್ತಿಗೆ, ಅವತ್ತು ನೀನು ಆ ಜಾಮಲ್ಲಿ ಸಾಯ್ತಿದ್ದೆಯಲ್ಲ” ಅಂದೆ.

“ಹೂ ಕನ. ಅಲ್ಲೇ ಸಾಯ್ತಿದ್ದಿ. ಅಲ್ಲಿ ಕೂತಿದ್ದೋರೇ ಬದುಕ್ಸುದ್ದು. ದಾರಿ ಆಗ್ಬೇಕು, ಆಗ್ದೆ ಇದ್ರ ಇನ್ನೊಬ್ಳು ಸಾಯ್ತಳ. ಆದ್ರ ಆ ಹೋಟ್ಲು, ಆ ಪಂಚರ್ ಹೈದ, ಅವರ್ನ ಯಾರಾರ ಕೇಳುದ್ರಾ?”

ಯಾರೂ ಕೇಳಿರಲಿಲ್ಲ. ಜಮೀನು ಹೋಗುವವನಿಗೆ ಕಾಯ್ದೆಯಲ್ಲಿ ನೋಟಿಸು ಇದೆ, ತಕರಾರು ಹೇಳಲು ಅವಕಾಶ ಇದೆ. ಹಳೆ ರಸ್ತೆಯ ಪಕ್ಕದಲ್ಲಿ ಲಾರಿಯವರಿಂದಲೇ ಬದುಕುವವನಿಗೆ ಒಂದು ಚೀಟಿಯೂ ಬರುವುದಿಲ್ಲ. ಅವನ ಮುಂದೆ ಒಂದು ದಿನ ಲಾರಿ ನಿಲ್ಲುವುದು ನಿಂತುಹೋಗುತ್ತದೆ, ಅಷ್ಟೇ. ಬೆಂಗಳೂರು–ಮೈಸೂರು ಹೆದ್ದಾರಿಗೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಹೊರಗೆ ಬೈಪಾಸ್ ಆಗಿ 2023ರಲ್ಲಿ ಉದ್ಘಾಟನೆಯಾದ ಮೇಲೆ ಮದ್ದೂರಿನ ವಡೆಯವರು, ಚನ್ನಪಟ್ಟಣದ ಬೊಂಬೆಯವರು ಪಟ್ಟ ಪಾಡನ್ನು ನಾಡೇ ಓದಿತು. ಅತ್ತಿಗೆ ಅದಕ್ಕೆಷ್ಟೋ ಮೊದಲೇ ಒಲೆ ಮುಂದೆ ಕೂತು ಆ ಪ್ರಶ್ನೆ ಕೇಳಿದ್ದರು.

ಮಂಜೂರಾದದ್ದೇನೋ ಸರಿ, ಕೆಲಸ ಕುಂಟುತ್ತಾ ಸಾಗಿತು. ನಡುವೆ 2018ರ ಡಿಸೆಂಬರ್ 14 ಬಂತು. ನಮ್ಮ ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಸತ್ತರಲ್ಲ, ಆ ದಿನ. ರೋಗಿಗಳನ್ನು ಕಾಮಗೆರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿಗೆ ಸಾಗಿಸಿದ್ದು ಹನೂರಿನ ನಮ್ಮ ಈ ಬೀದಿಯ ಮೇಲೆಯೇ. ಒಂದರ ಹಿಂದೆ ಒಂದು ಗಾಡಿ. ಅತ್ತಿಗೆ ಜಗಲಿ ಬಿಟ್ಟು ಏಳಲಿಲ್ಲ. ಪ್ರತಿ ಸೈರನ್ನಿಗೂ ಒಂದೇ ಮಾತು: “ಕೊಳ್ಳೇಗಾಲ ದಾಟುದ್ರಾ? ಫೋನ್ ಮಾಡಿ ಕೇಳು, ದಾಟುದ್ರಾ?”

ಬೈಪಾಸಿನಲ್ಲಿ ಲಾರಿಗಳು ಓಡಾಡತೊಡಗಿದ ಮೇಲೆ ಅತ್ತಿಗೆ ಮಗನನ್ನು ಕರೆದುಕೊಂಡು ಹೂವಿನವ್ವನನ್ನು ನೋಡಲು ಹೋದರು, ನಾನೂ ಹೋಗಿದ್ದೆ. ಆಯಮ್ಮ ಅಲ್ಲೇ ಕೂತಿದ್ದರು, ಕಣ್ಣು ಮಂಜಾಗಿತ್ತು, ಕೈ ಮಾತ್ರ ಹೂ ಕಟ್ಟುತ್ತಲೇ ಇತ್ತು. ಅತ್ತಿಗೆ ವ್ಯಾಪಾರ ಹೇಗಿದೆ ಅಂತ ಕೇಳಿದಾಗ, “ಲಾರಿಯಂವ ನನ್ನತ್ರ ಯಾವತ್ತು ಹೂ ತಕ್ಕಂಡಿದ್ದ ತಾಯಿ? ಊರೋರು ಈಗ ನಿಂತ್ಕಂಡು ತಕ್ಕತರ, ಭಯ ಇಲ್ದೆ” ಅಂದರು. ಅತ್ತಿಗೆ ಮುಖ ಅರಳಿತು. ಆದರೆ ಹೋಟೆಲಿನ ಬಾಗಿಲು ಹಾಕಿತ್ತು. ರಾತ್ರಿ ಲಾರಿಯವರಿಲ್ಲದೆ ನಡೆಯಲಿಲ್ಲವಂತೆ. ಪಂಚರ್ ಅಂಗಡಿಯವನು ಬೈಪಾಸ್ ಕೂಡುವ ಜಾಗಕ್ಕೆ ಹೋಗಿ ತಗಡು ಹೊದಿಸಿಕೊಂಡು ಕೂತಿದ್ದಾನೆ, ಅಲ್ಲಿ ಬಾಡಿಗೆ ಹೆಚ್ಚು ಅಂದರು. ಆ ಮಾವನ ಅಳಿಯನ ಗದ್ದೆ ರಸ್ತೆಯ ಎರಡೂ ಕಡೆ ತುಂಡಾಗಿ ಉಳಿದಿದೆ. ನಾಟಿಗೆ ಆಳು ದಾಟಿಸಲು, ಎತ್ತು ದಾಟಿಸಲು ಓಡುವ ಲಾರಿಗಳ ಎದುರು ನಿಂತು ಕೈ ಎತ್ತಬೇಕು.

ಆಮೇಲೆ ಕೊಳ್ಳೇಗಾಲದಿಂದ ಹನೂರಿನವರೆಗಿನ ಸುಮಾರು 24 ಕಿಲೋಮೀಟರ್ ರಸ್ತೆಯನ್ನೂ ರಾಜ್ಯ ಹೆದ್ದಾರಿ ಅಭಿವೃದ್ಧಿ ಯೋಜನೆಯ ಕೆಶಿಪ್‌ನವರು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಅಗಲ ಮಾಡಲು ಹಿಡಿದರು. ಅಷ್ಟು ಅಗಲದ ರಸ್ತೆ ಗಾಡಿಗಳನ್ನು ತಂದು ಸುರಿಯೋದು ನಮ್ಮ ಈ ಬೀದಿಗೇ. ಅಮಾವಾಸ್ಯೆ ಬಂತೆಂದರೆ, ಶಿವರಾತ್ರಿ, ಯುಗಾದಿ ಬಂತೆಂದರೆ ಬೆಟ್ಟಕ್ಕೆ ಹೋಗುವ ಗಾಡಿಗಳ ನಡುವೆ ಮಕ್ಕಳನ್ನು ಶಾಲೆಗೆ ದಾಟಿಸಲು ದೊಡ್ಡವರೊಬ್ಬರು ಬೇಕು. ಹಾಗಾಗಿ ಹನೂರಿಗೂ ಒಂದು ಬೈಪಾಸ್ ಬೇಕು ಅನ್ನೋ ಮಾತು ಟೀ ಅಂಗಡಿಯಲ್ಲಿ ಆಗಾಗ ಏಳುತ್ತೆ. ಬೇಕು ಅನ್ನುವವರಲ್ಲಿ ನಾನೂ ಒಬ್ಬಳು, ಅತ್ತಿಗೆಯೂ ಒಬ್ಬರು.

ಅತ್ತಿಗೆ ಆ ಮಾತು ಬಂದಾಗಲೆಲ್ಲ ಮಗನ ಕೈಗೆ ಪೆನ್ನು ಕೊಟ್ಟು ಬರೆಸುತ್ತಾರೆ. ಸರ್ಕಾರಿ ಬಸ್ಸು ಊರೊಳಗೆ ಬಂದೇ ಹೋಗಬೇಕು. ಹೊಲ ತುಂಡಾದ ಕಡೆ ಗಾಡಿ, ಎತ್ತು ದಾಟಲು ಕೆಳಗೊಂದು ಸೇತುವೆ ಇರಬೇಕು, ಅದು ಮೈಲಿ ದೂರ ಇರಬಾರದು. ಟೀ, ಪಂಚರ್, ಹಣ್ಣುಕಾಯಿ ಅಂಗಡಿಯವರಿಗೆ ಹೊಸ ರಸ್ತೆ ಕೂಡುವ ಜಾಗದಲ್ಲಿ ಪಟ್ಟಣ ಪಂಚಾಯಿತಿಯೇ ಮಳಿಗೆ ಕಟ್ಟಿ ಕೊಡಬೇಕು, ಬಾಡಿಗೆ ಈಗಿನಷ್ಟೇ ಇರಬೇಕು. ಹೋದ ಸಾರಿ ಪಂಚಾಯಿತಿ ಸದಸ್ಯರೊಬ್ಬರು ಮನೆ ಮುಂದೆ ಹೋಗುತ್ತಿದ್ದಾಗ ಕರೆದು ಆ ಹಾಳೆಯನ್ನು ಅವರ ಕೈಗೇ ಕೊಟ್ಟರು. ಓದಿ ನೋಡ್ತೀನಿ ಅಕ್ಕ ಅಂದರು ಅವರು. “ಓದದು ಆಮೇಲೆ, ಮೊದ್ಲು ಸೈನ್ ಹಾಕು, ನನ್ನತ್ರ ಇನ್ನೊಂದು ಪ್ರತಿ ಅದೆ” ಅಂದು ಅತ್ತಿಗೆ ಜಗಲಿ ಮೇಲೇ ಸಹಿ ಹಾಕಿಸಿಕೊಂಡರು.