ತೋಪಿನ ಮುಂದಿನ ಎತ್ತು
ಮದ್ದುಗುಂಡಿನ ಚರಿತ್ರೆಯಲ್ಲಿ ಗಂಧಕ, ಪೆಟ್ಲುಪ್ಪು, ಕಬ್ಬಿಣಗಳ ಮಾತು ಬರುವಷ್ಟು ಎತ್ತಿನ ಮಾತು ಬರುವುದಿಲ್ಲ. 1520ರ ರಾಯಚೂರು ಮುತ್ತಿಗೆಯಲ್ಲಿ ಪೋರ್ಚುಗೀಸ್ ಬಂದೂಕುಗಾರರು ಕೋಟೆಗೋಡೆಯ ಕಾವಲುಗಾರರನ್ನು ಹೊಡೆದುರುಳಿಸಿದ ಸಂಗತಿಯನ್ನು ನ್ಯೂನಿಜ್ ದಾಖಲಿಸಿದ್ದಾನೆ. ಬಂದೂಕನ್ನು ಹೆಗಲು ಹೊರಬಲ್ಲದು. ತೋಪಿನ ಸಂಗತಿ ಬೇರೆ. ಎತ್ತು ಎಳೆದಷ್ಟು ದೂರವೇ ಅದರ ದಂಡಯಾತ್ರೆ. ಮೈಸೂರಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯ ದನಗಳು ಹೈದರನ ಕಾಲಕ್ಕೆ ಫಿರಂಗಿ ಎಳೆಯುವ ದಂಡಿನ ಎತ್ತುಗಳಾದವು, ಟಿಪ್ಪು ಆ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದ ಕಂಪನಿಯ ದಂಡೂ ಅದೇ ತಳಿಯನ್ನು ನೆಚ್ಚಿತು.

ಚಳ್ಳಕೆರೆ ಸೀಮೆಯ ವಿಶಾಲವಾದ ಕಾವಲುಗಳು ಆ ದನಗಳ ಹುಲ್ಲುಗಾವಲು. ವಿಚಿತ್ರವೆಂದರೆ, ಇದೇ ಚಳ್ಳಕೆರೆ, ಮೊಳಕಾಲ್ಮೂರು ಬಯಲಿನಲ್ಲಿ ಮ್ಯಾಸಬೇಡರ ದೇವರ ಎತ್ತುಗಳೂ ಮೇಯುತ್ತವೆ. ಅವುಗಳ ಹೆಗಲಿಗೆ ನೊಗ ಸೋಂಕಕೂಡದು. 1779ರಲ್ಲಿ ಚಿತ್ರದುರ್ಗವನ್ನು ಹೈದರನಿಗೆ ಕಳೆದುಕೊಂಡ ಬೇಡರ ನೆಲದಲ್ಲಿ ಈ ನೇಮ ಇಂದಿಗೂ ಉಳಿದಿದೆ.

2017ರಲ್ಲಿ ಚಳ್ಳಕೆರೆಯ ಕಾವಲಿನಲ್ಲಿಯೇ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಗೊಂಡಿತು. ಚಾಲಕನಿಲ್ಲದ ವಿಮಾನಕ್ಕೆ ಎತ್ತು ಬೇಕಿಲ್ಲ, ನೆಲ ಬೇಕು. ಕಾವಲನ್ನು ಹಂಚಿಕೊಟ್ಟ ಬಗ್ಗೆ ಎದ್ದ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಸುತ್ತಲಿನ ಹಳ್ಳಿಗಳ ದನಗಾರರೂ ಕುರಿಗಾಹಿಗಳೂ ಕೇಳಿದ್ದು ಹುಲ್ಲನ್ನು ಮಾತ್ರ.