ಹುಟ್ಟಿನ ಲಯ ಹಿಡಿದ ಚಾವಣಿ

ಹೊಳೆಯ ಸುದ್ದಿ ಬೇಕೆಂದು ನಮ್ಮಂಥ ಜಿಲ್ಲಾ ವರದಿಗಾರರಿಗೆ ಫೋನು ಬರುವುದು ನೆರೆ ಬಂದಾಗ, ಮರಳು ಹೋದಾಗ, ಯಾರಾದರೂ ಮುಳುಗಿದಾಗ. ಜನ ಸುಮ್ಮನೆ ಹೊಳೆಗೆ ಬಂದರು ಅನ್ನುವುದು ಸುದ್ದಿಯಲ್ಲ. ಅದಕ್ಕೇ ಅಮೆರಿಕದ ಶಿಕಾಗೊ ನದಿಯ ಒಂದು ದೋಣಿಮನೆ ನಮ್ಮ ಗಮನ ಸೆಳೆಯಿತು.

ಮೊದಲು ಆ ನದಿಯ ಕತೆ ಕೇಳಿ. ಊರಿನ ಕೊಳಚೆ ನದಿಗೆ ಬಿದ್ದು, ಅಲ್ಲಿಂದ ಕುಡಿಯುವ ನೀರಿನ ಮಿಶಿಗನ್ ಸರೋವರ ಸೇರುತ್ತಿತ್ತು. 1900ರಲ್ಲಿ ಕಾಲುವೆ ತೋಡಿ ನದಿಯನ್ನೇ ಹಿಂದಕ್ಕೆ ಹರಿಸಿದರು. ಸರೋವರ ಉಳಿಯಿತು, ಕೊಳಚೆ ಹೊರುವ ಕೆಲಸ ನದಿಗೇ ಉಳಿಯಿತು. ಅದರ ಒಂದು ಕವಲಿಗೆ ಕಸಾಯಿಖಾನೆಗಳ ತ್ಯಾಜ್ಯ ಸುರಿದು, ಅದು ಕೊಳೆತು ಗುಳ್ಳೆ ಏಳುತ್ತಿತ್ತು. ಹಾಗಾಗಿ ಅದಕ್ಕೆ 'ಬಬ್ಲಿ ಕ್ರೀಕ್', ಅಂದರೆ ಗುಳ್ಳೆ ಹಳ್ಳ ಎಂದೇ ಹೆಸರು ಬಿತ್ತು.

ಇದೇ ನದಿಯ ಉತ್ತರ ಕವಲಿನ ದಂಡೆಗೆ, ಕ್ಲಾರ್ಕ್ ಪಾರ್ಕಿನಲ್ಲಿ, 2013ರಲ್ಲಿ ದೋಣಿಮನೆ ಬಂತು. ವಿನ್ಯಾಸ ವಾಸ್ತುಶಿಲ್ಪಿ ಜೀನ್ ಗ್ಯಾಂಗ್ ಅವರ ತಂಡದ್ದು. ದೋಣಿ ನಡೆಸುವವರ ಚಲನೆಯೇ ಅದಕ್ಕೆ ಮೂಲ. ಹುಟ್ಟು ನೀರಿಗಿಳಿಯುತ್ತದೆ, ಎಳೆಯುತ್ತದೆ, ಮೇಲೇಳುತ್ತದೆ, ಮತ್ತೆ ಇಳಿಯುತ್ತದೆ. ಒಂದೊಂದೇ ಗಳಿಗೆಯ ಫೋಟೊ ಸಾಲಾಗಿ ಇಟ್ಟಂತೆ ಈ ಲಯವನ್ನು ಚಾವಣಿಗೆ ತಂದರು. ಒಂದು ತೊಲೆಕಟ್ಟು ಇಂಗ್ಲಿಷಿನ 'ವಿ' ಅಕ್ಷರವನ್ನು ಬೋರಲು ಹಾಕಿದಂತೆ, ಪಕ್ಕದ್ದು 'ಎಂ' ಅಕ್ಷರದಂತೆ, ಮತ್ತೆ ಬೋರಲು 'ವಿ'. ಹೀಗೆ ಚಾವಣಿ ಅಲೆಯಂತೆ ಏರಿಳಿಯುತ್ತದೆ.

ಇದು ಬರೀ ಚಂದಕ್ಕಲ್ಲ. ಎತ್ತರದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಕಿಟಕಿಗಳಿವೆ. ಚಳಿಗಾಲದಲ್ಲಿ ಅಲ್ಲಿಂದ ಬಿಸಿಲು ಇಳಿದು ಒಳನೆಲವನ್ನು ಬೆಚ್ಚಗಿಡುತ್ತದೆ, ಬೇಸಿಗೆಯಲ್ಲಿ ಗಾಳಿ ಆಡುತ್ತದೆ. ಮಳೆನೀರು ನೇರ ಚರಂಡಿಗೆ ಓಡದಂತೆ ಹೊರಗೆ ನೀರು ಇಂಗುವ ನೆಲಹಾಸು ಹಾಕಿದ್ದಾರೆ.

2016ರಲ್ಲಿ ಇದೇ ತಂಡದ ಇನ್ನೊಂದು ದೋಣಿಮನೆ ಆ ಗುಳ್ಳೆ ಹಳ್ಳದ ದಂಡೆಯಲ್ಲೇ ಎದ್ದಿತು. ಹಳ್ಳ ಆಗಿನ್ನೂ ಪೂರ್ತಿ ಶುದ್ಧವಾಗಿರಲಿಲ್ಲ. ಮೊದಲು ನೀರು ಶುದ್ಧವಾಗಲಿ, ಆಮೇಲೆ ಜನ ಬರಲಿ ಎಂದು ಅವರು ಕಾಯಲಿಲ್ಲ.

ನಮ್ಮ ಮನಸ್ಸಿಗೆ ನಾಟಿದ್ದು ಇದೇ. ದಿನಾ ದೋಣಿ ಇಳಿಸುವ ಮಕ್ಕಳಿಗೆ ನೀರಿನ ಬಣ್ಣ ತಿರುಗಿದರೆ, ವಾಸನೆ ಎದ್ದರೆ ಅವತ್ತೇ ಗೊತ್ತಾಗುತ್ತದೆ. ಯಾರೂ ಇಳಿಯದ ನದಿಗೆ ರಾತ್ರೋರಾತ್ರಿ ಏನು ಸುರಿದರೂ ಕೇಳುವವರಿಲ್ಲ. ದಂಡೆಗೆ ಒಂದು ಸೂರು, ನಾಲ್ಕು ದೋಣಿ ಇದ್ದರೆ ನದಿಗೆ ಸಾಕ್ಷಿ ಹೇಳುವವರು ಹುಟ್ಟಿಕೊಳ್ಳುತ್ತಾರೆ.