ಬೆಣ್ಣೆಯ ಸೀಮೆಯಲ್ಲಿ ಒಂದು ರಾತ್ರಿಯೂಟ

ಕಡೂರನ್ನು ನೋಡಲೆಂದೇ ಹೊರಟು ಬರುವ ಪ್ರವಾಸಿಗರು ವಿರಳ. ಮಲೆನಾಡಿಗೆ ಹೋಗುವವರು ಇಲ್ಲಿಯ ಬಯಲನ್ನೂ ತೆಂಗಿನ ತೋಟಗಳನ್ನೂ ರೈಲಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಆದರೂ ಈ ಊರಿಗೆ ತನ್ನದೇ ಆದ ಗೌರವವುಂಟು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತು. ವೇದಾ, ಅವತಿ ಎಂಬ ಎರಡು ಹೊಳೆಗಳು ಕೂಡಿ ವೇದಾವತಿಯಾಗುವುದು ಈ ಸೀಮೆಯಲ್ಲಿಯೇ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ನಾನೂ ನನ್ನ ಮನೆಯವರೂ ಇಲ್ಲಿ ನೆಲಸಿದ್ದೇವೆ. ಅಳಿಯಂದಿರಿಗೆ ತರೀಕೆರೆಯಲ್ಲಿ ಉದ್ಯೋಗ, ಮಗಳಿಗೆ ಅಜ್ಜಂಪುರದಲ್ಲಿ. ಅವರ ಸಂಸಾರವಿರುವುದು ಅಜ್ಜಂಪುರದಲ್ಲಿ. ಆದುದರಿಂದ ಈ ಮೂರು ಊರುಗಳ ನಡುವಣ ಓಡಾಟ ನಮಗೆ ತಿಂಗಳಿಗೊಮ್ಮೆಯಾದರೂ ತಪ್ಪಿದ್ದಲ್ಲ.

ಈ ಪ್ರಯಾಣದಲ್ಲಿ ಅಕ್ಕಿ ಶಾವಿಗೆ ಒತ್ತುವ ಒರಳು ಯಾವಾಗಲೂ ನಮ್ಮೊಡನೆ ಬರುತ್ತಿದ್ದಿತು. ಮೊಮ್ಮಕ್ಕಳಿಗೆ ಅಜ್ಜಿಯೆಂದರೆ ಒತ್ತು ಶಾವಿಗೆ, ಬೆಲ್ಲದ ಕಾಯಿಹಾಲು. ಆದರೆ ಒಂದು ವರ್ಷದಿಂದ ನನ್ನ ಮನೆಯವರ ಬಲಭುಜ ಹಿಡಿದುಕೊಂಡಿದೆ. ಒರಳಿನ ಹಿಡಿಯನ್ನು ತಿರುಗಿಸಲಾಗದು. ಹೋದ ಮಳೆಗಾಲದಲ್ಲಿ ಹೊರಟಾಗ ಒರಳು ಅಟ್ಟದ ಮೇಲೆಯೇ ಉಳಿಯಿತು. ಆಕೆ ಅದರ ಮಾತನ್ನೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಬೀರೂರಿನಲ್ಲಿ ರೈಲುದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ. ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗೆಗೆ. ಆ ದಿನ ನಾವು ತರೀಕೆರೆಯ ದಾರಿ ಹಿಡಿದೆವು. ಸಮೀಪದ ಅಮೃತಾಪುರದ ಅಮೃತೇಶ್ವರನನ್ನು ಕಾಣಬೇಕೆಂಬುದು ಆಕೆಯ ಇಚ್ಛೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ದೇವಾಲಯವಿದು. ರಾಮಾಯಣ, ಭಾರತ, ಕೃಷ್ಣಲೀಲೆಗಳ ಕಥೆಯನ್ನು ಮಂಟಪದ ಹೊರಗೋಡೆಯ ಮೇಲೆ ಸಾಲುಸಾಲಾಗಿ ಕಡೆದಿದ್ದಾರೆ. ಕೃಷ್ಣನ ಕಥೆಯಿರುವ ಕಡೆ ಆಕೆ ಬಹಳ ಹೊತ್ತು ನಿಂತಿದ್ದಳು.

ತರೀಕೆರೆಯಿಂದ ಅಜ್ಜಂಪುರಕ್ಕೆ ಬಸ್ಸಿನಲ್ಲಿ ಹೋದೆವು. ಮೊದಲು ತರೀಕೆರೆಗೆ ಸೇರಿದ್ದ ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕಾಗಿದೆ. ದಾರಿಯಲ್ಲಿ ಅಡಕೆ ತೋಟಗಳು ಹಿಂದೆ ಸರಿದು, ಹೊಲಗಳೂ ಈರುಳ್ಳಿಯ ಪಾತಿಗಳೂ ಕಾಣತೊಡಗುತ್ತವೆ. ಅಜ್ಜಂಪುರದ ಹೆಸರು ನಾಡಿಗೆಲ್ಲ ತಿಳಿದಿರುವುದು ಅಮೃತಮಹಲ್ ತಳಿಯ ದನಗಳಿಂದ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಯ ದನಗಳಿಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿದ್ದಿತು. ಟಿಪ್ಪುವಿನ ಕಾಲದಲ್ಲಿ ಅದಕ್ಕೆ ‘ಅಮೃತಮಹಲ್’ ಎಂಬ ಹೆಸರಾಯಿತು. ಮೇವಿಗಾಗಿ ಬಿಟ್ಟ ಕಾವಲುಗಳು ಈ ಸೀಮೆಯಲ್ಲಿ ಇಂದಿಗೂ ಉಂಟು. ವಿನೋದವೇನೆಂದರೆ, ಬೆಣ್ಣೆಯ ಹೆಸರು ಹೊತ್ತ ಈ ಹಸುಗಳು ಕರೆಯುವ ಹಾಲು ಬಲು ಸ್ವಲ್ಪ. ಇವುಗಳ ಕೀರ್ತಿಯೆಲ್ಲ ಎತ್ತುಗಳ ಓಟದಿಂದ, ತೋಪಿನ ಬಂಡಿಗಳನ್ನೆಳೆದ ಶಕ್ತಿಯಿಂದ ಬಂದದ್ದು.

ನಾವು ಮನೆ ಸೇರುವಾಗ ಸಂಜೆ ಆರು ಗಂಟೆ, ಮಳೆ ಹಿಡಿದಿದ್ದಿತು. ಮಗಳಿಗೆ ಕಚೇರಿಯಲ್ಲಿ ಲೆಕ್ಕ ಮುಗಿದಿರಲಿಲ್ಲ, ಅಳಿಯಂದಿರು ದಾರಿಯಲ್ಲಿದ್ದರು. ಮನೆಯಲ್ಲಿ ಹತ್ತು ವರ್ಷದ ಮೊಮ್ಮಗಳು, ಆರು ವರ್ಷದ ಮೊಮ್ಮಗ. ಹುಡುಗನು ಬಂದವನೇ, “ಅಜ್ಜಿ, ಶಾವಿಗೆ?” ಎಂದು ಚೀಲವನ್ನು ಮುಟ್ಟಿ ನೋಡಿದನು. ಆಕೆ ಉತ್ತರ ಕೊಡದೆ ಸೆರಗಿನಿಂದ ಅವನ ತಲೆಯೊರಸಿದಳು. ಆಗ ಮೊಮ್ಮಗಳು ಬೀರುವಿನಿಂದ ಒಂದು ಪೊಟ್ಟಣವನ್ನು ತೆಗೆದು, “ತಾತ, ಪಾಸ್ತಾ ಮಾಡೋಣ. ಅಮ್ಮ ಒಂದೇ ಬಾಣಲೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಮಾಡುತ್ತಾಳೆ. ಒಲೆಯ ಹತ್ತಿರ ಮಾತ್ರ ನನ್ನನ್ನು ಬಿಡುವುದಿಲ್ಲ,” ಎಂದಳು.

ಮೂವತ್ತು ವರ್ಷ ಮಕ್ಕಳಿಗೆ ಶಬ್ದಗಳನ್ನು ಬಾಯಿಪಾಠ ಮಾಡಿಸಿದ ನಾನು ಒಲೆಯ ಮುಂದೆ ನಿಂತವನಲ್ಲ. ಆದರೆ ನಿಲ್ಲಬಲ್ಲವರು ಇನ್ನಾರೂ ಇರಲಿಲ್ಲ. ನನ್ನ ಮನೆಯವರು ಮಣೆಯ ಮೇಲೆ ಕುಳಿತು ಹೇಳಿಕೊಡುವುದೆಂದಾಯಿತು. ಪೊಟ್ಟಣದೊಳಗಿನದನ್ನು ನೋಡಿ ಆಕೆ, “ಇದೂ ಶಾವಿಗೆಯ ಜಾತಿಯೇ, ಗೋಧಿಯದು, ಸ್ವಲ್ಪ ದಪ್ಪ,” ಎಂದಳು. ಮಾತು ನಿಜ. ಗಟ್ಟಿ ಗೋಧಿಯ ರವೆಯನ್ನು ನಾದಿ, ಅಚ್ಚಿನಲ್ಲಿ ಒತ್ತಿ ಒಣಗಿಸಿದ್ದು ಅದು. ನಮ್ಮ ಉತ್ತರ ಕರ್ನಾಟಕದಲ್ಲಿ ಜವೆಗೋಧಿಯಿಂದ ಶಾವಿಗೆ ಮಾಡುವುದೂ ಇದೇ ನ್ಯಾಯದಿಂದ.

ಬೇಕೆನ್ನುವ ಗೃಹಸ್ಥರಿಗಾಗಿ ಕ್ರಮವನ್ನು ಬರೆಯುತ್ತೇನೆ. ಅಗಲವಾದ ಬಾಣಲೆಯಲ್ಲಿ ಎರಡು ಚಮಚ ಬೆಣ್ಣೆ ಕರಗಿಸಿ, ಹೆಚ್ಚಿದ ಎರಡು ಈರುಳ್ಳಿಯನ್ನು ಬಾಡಿಸಬೇಕು. ಬೆಳ್ಳುಳ್ಳಿ ಬೇಡವೆನ್ನುವವರು ಬಿಡಬಹುದು. ಬಳಿಕ ನಾಲ್ಕು ಟೊಮ್ಯಾಟೋ, ಒಂದು ದಪ್ಪ ಮೆಣಸಿನಕಾಯಿ, ಸ್ವಲ್ಪ ಮೆಣಸಿನ ಪುಡಿ. ಇವು ಮೆತ್ತಗಾದ ಮೇಲೆ 300 ಗ್ರಾಂ ಪಾಸ್ತಾ ಹಾಕಿ, ಮುಕ್ಕಾಲು ಲೀಟರು ಬಿಸಿನೀರು ಹೊಯ್ದು, ಹನ್ನೆರಡು ನಿಮಿಷ ಆಗಾಗ ತಿರುವುತ್ತ ಬೇಯಿಸಬೇಕು. ನೀರು ಬತ್ತಿದರೆ ಇನ್ನಷ್ಟು ಸೇರಿಸಬಹುದು, ಬಸಿಯುವ ಕೆಲಸವಿಲ್ಲ. ಗಂಜಿಯೆಲ್ಲ ನೀರಿನಲ್ಲಿಯೇ ಉಳಿದು ಸಾರು ಗಟ್ಟಿಯಾಗುತ್ತದೆ. ಕೊನೆಗೆ 120 ಗ್ರಾಂ ತುರಿದ ಚೀಸ್. ಅದರಲ್ಲಿ ಉಪ್ಪಿರುವುದರಿಂದ ಉಪ್ಪನ್ನು ಮೊದಲೇ ಕೈಬಿಗಿಹಿಡಿದು ಹಾಕಬೇಕು. ಚೀಸನ್ನು ಕೆಲವೆಡೆ ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ ಮಾಡುವುದುಂಟು. ಶಾಕಾಹಾರಿಗಳು ಪೊಟ್ಟಣದ ಮೇಲೆ ಹಸುರು ಚೌಕದೊಳಗಿನ ಹಸುರು ಚುಕ್ಕೆಯನ್ನು ನೋಡಿ ಕೊಳ್ಳಬೇಕು.

ಕೊನೆಯ ಹೆಜ್ಜೆಯಲ್ಲಿ ನಾನು ಎಡವಿದೆನು. ಬಾಣಲೆ ಕುದಿಯುತ್ತಿರುವಾಗಲೇ ಅರ್ಧ ಚೀಸನ್ನು ಸುರಿದುಬಿಟ್ಟೆ. ಅದು ಎಳೆಯೆಳೆಯಾಗಿ ಹೆಣೆದುಕೊಂಡು ಗಂಟಾಯಿತು. ಜಿಡ್ಡು ಬೇರೆಯಾಗಿ ಮೇಲೆ ತೇಲಿತು. ಮೊಮ್ಮಗಳ ಮುಖ ಬಾಡಿತು.

“ಹಾಲಿನ ಸಂತತಿಯಲ್ಲವೇ ಅದು?” ಎಂದು ನನ್ನ ಮನೆಯವರು ಎದ್ದು ಬಂದರು. “ಮಜ್ಜಿಗೆಹುಳಿಗೆ ಮಜ್ಜಿಗೆ ಹಾಕಿದ ಮೇಲೆ ಕೊತಕೊತ ಕುದಿಸುತ್ತಾರೆಯೇ? ಮೊದಲು ಒಲೆ ಆರಿಸಿ. ಅರ್ಧ ಲೋಟ ಬಿಸಿಹಾಲು ಹಾಕಿ. ಉಳಿದದ್ದನ್ನು ಚೂರುಚೂರಾಗಿ ಉದುರಿಸುತ್ತ, ಒಂದೇ ಕಡೆ ತಿರುವಿ.”

ಹಾಗೆಯೇ ಮಾಡಿದೆನು. ಗಂಟು ಪೂರ್ತಿ ಬಿಡದಿದ್ದರೂ ಉಳಿದುದೆಲ್ಲ ಕೆನೆಯಂತೆ ಹರಡಿ ಕೂಡಿಕೊಂಡಿತು. ಚೀಸೆಂಬ ವಸ್ತುವನ್ನು ಆಕೆ ಕೈಯಿಂದ ಮುಟ್ಟಿದ್ದು ಅದೇ ಮೊದಲು. ಅದರ ಹದ ಮಾತ್ರ ಆಕೆಗೆ ನಲವತ್ತು ವರ್ಷಗಳಿಂದ ಗೊತ್ತಿದ್ದಿತು. ಕಾವು ಮಿತಿಮೀರಿದರೆ ಹಾಲಿನ ಸಾರಾಂಶ ಬಿಗಿದುಕೊಂಡು ನೀರನ್ನೂ ಜಿಡ್ಡನ್ನೂ ಹೊರಗೆ ಹಿಂಡುತ್ತದೆ. ಕಾವು ಇಳಿದಿದ್ದರೆ ಗಂಜಿಯು ಎಲ್ಲವನ್ನೂ ಹಿಡಿದಿಡುತ್ತದೆ.

ಎಂಟು ಗಂಟೆಯೊಳಗೆ ಮಗಳೂ ಅಳಿಯಂದಿರೂ ನೆನೆದು ಬಂದರು. ಆರು ಮಂದಿಯೂ ಒಂದೇ ಸಾಲಿನಲ್ಲಿ ಕುಳಿತೆವು. ಹುಡುಗನು ಎರಡನೆಯ ಸಲ ಬಡಿಸಿಕೊಂಡು, “ಇದು ಅಜ್ಜಿಯ ಶಾವಿಗೆ,” ಎಂದು ತೀರ್ಪು ಕೊಟ್ಟನು. ಮಗಳು ತುತ್ತು ಹಿಡಿದುಕೊಂಡೇ ತಾಯಿಯ ಮುಖವನ್ನು ನೋಡಿದಳು. ಆಕೆ ನಗುತ್ತಿದ್ದಳು.

ಆಗ ನನಗೆ ಮೀಮಾಂಸೆಯ ಪಾಠವೊಂದು ನೆನಪಾಯಿತು. ಯಾಗದಲ್ಲಿ ಕಾದ ಹಾಲಿಗೆ ಮೊಸರು ಸುರಿದಾಗ ಗಟ್ಟಿಯಾಗಿ ನಿಲ್ಲುವುದು ಆಮಿಕ್ಷೆ; ಪ್ರತ್ಯೇಕವಾಗುವ ನೀರು ವಾಜಿನ. ಮೊಸರು ಸುರಿಯುವುದು ಆಮಿಕ್ಷೆಗಾಗಿಯೇ. ವಾಜಿನವು ಜೊತೆಯಲ್ಲಿ ತಾನಾಗಿ ಒದಗುವಂಥದು. ಯಾವುದು ಪ್ರಯೋಜನ, ಯಾವುದು ಜೊತೆಗೆ ಬಂದದ್ದು ಎಂಬ ಈ ವಿಚಾರವನ್ನು ಎಷ್ಟೋ ವರ್ಷಗಳ ಹಿಂದೆ ಓದಿದ್ದೆ. ಒರಳು ಬರಲಿಲ್ಲವೆಂಬ ದುಃಖದಲ್ಲಿ, ಆ ಒರಳು ಯಾತಕ್ಕೆ ಬರುತ್ತಿದ್ದಿತೆಂಬುದನ್ನು ನಾನು ಮರೆತಿದ್ದೆನು. ಬಳಲಿ ಬಂದವರಿಗೆ ಬಿಸಿಯಾಗಿ ಬಡಿಸುವುದು, ಎಲ್ಲರೂ ಕೂಡಿ ಉಣ್ಣುವುದು, ಇದೇ ಪ್ರಯೋಜನ. ಆದರೆ ವಾಜಿನವನ್ನೂ ಯಾಜ್ಞಿಕರು ಚೆಲ್ಲುವುದಿಲ್ಲ. ಅದಕ್ಕೂ ಒಂದು ಆಹುತಿಯನ್ನು ವಿಧಿಸಿದ್ದಾರೆ.

ಮರುದಿನ ಅಜ್ಜಂಪುರದಿಂದ ನೇರವಾಗಿ ಕಡೂರಿಗೆ ರೈಲು ಹತ್ತಿದೆವು. ಮಳೆ ನಿಂತು ಬಯಲು ಹಸುರಾಗಿದ್ದಿತು. ಬೀರೂರು ದಾಟಿದ ಮೇಲೆ ನನ್ನ ಮನೆಯವರು, “ಬರುವ ತಿಂಗಳು ಒರಳನ್ನು ತೆಗೆದುಕೊಂಡೇ ಹೋಗೋಣ. ಹಿಟ್ಟಿನ ಹದ ನಾನು ನೋಡುತ್ತೇನೆ, ತಿರುಗಿಸುವುದು ನಿಮ್ಮ ಕೆಲಸ,” ಎಂದರು.

ನಾನು ಒಪ್ಪಿಕೊಂಡೆನು.